ಎದೆಪಟ್ಟಿ

ಹಂದಿಗೆ ತಲೆ ಎಲ್ಲಿ ಮುಗಿದು ಕತ್ತು ಎಲ್ಲಿ ಶುರು?
ಕೇಳಿದೆ ನಾನು.
ಅದಕ್ಕೇ ಬಂದಿದ್ದು, ಅಂದರು ನರ್ಸ್ ಲವೀನಾ.
ಕೈಯಲ್ಲಿ ನಾಯಿಪಟ್ಟಿ ಮೂರು,
ಮೂರೂ ಕಿವಿ ದಾಟಿ ಜಾರಿ
ಕಡೂರಿನ ಚರಂಡಿ ಕಂಡು ಬಂದಂಥವು.

ದಿಂಬು ಅಂತ ಅದರ ಹೆಸರು. ಅಂಗಡಿ ಮುಂದೆ ಕೂತು
ನನ್ನ ಚಾ ಗ್ಲಾಸನ್ನೇ ನೋಡುತ್ತಿತ್ತು.

ನಮ್ಮಜ್ಜ ಜಟಕಾ ಕುದುರೆಗಳಿಗೆ ಹೊಲಿದವನು.
ಅವನ ಅಳತೆ ಪುಸ್ತಕದಲ್ಲಿ ಕುದುರೆ ಇದೆ, ಹೇಸರಗತ್ತೆ ಇದೆ,
ಯಾರೋ ಅಮಲ್ದಾರರ ಹೊಟ್ಟೆಯೂ ಇದೆ, ಬೆಲ್ಟಿಗೆ.
ಹಂದಿ ಇಲ್ಲ.

ಟೇಪು ತಾಗಿಸಿದ್ದೇ ಕಿರುಚಿತು.
ಬಸ್ಸಿಗೆ ಕಾದವರೆಲ್ಲ
ಕಟುಕನನ್ನು ನೋಡಿದಂತೆ ನನ್ನ ನೋಡಿದರು.
ಸೌತೆಕಾಯಿ ಸಿಪ್ಪೆಗೆ ಅದು ಬಾಗಿದಾಗ
ಮುಂಗಾಲ ಹಿಂದೆ ದಾರ ಸುತ್ತಿ ಗಂಟು ಹಾಕಿಕೊಂಡೆ.
ಅಂಗೈಗೆ ಬಿಸಿ. ಒರಟು ಕೂದಲ ಕೆಳಗೆ
ಎದೆ, ನನ್ನ ಮಿಷನ್ನಿನಷ್ಟೇ ವೇಗ.

ಸ್ಕೂಲ್ ಬ್ಯಾಗಿನ ಪಟ್ಟಿ, ಒಳಗೆ ಹಳೇ ಫ್ಲಾನೆಲ್,
ಬಗಲು ಉಜ್ಜದ ಹಾಗೆ ಅಂಚು ಮಡಚಿದೆ.
ಬಕಲ್ ಬೆನ್ನ ಮೇಲೆ, ಕೆಸರು ತಾಗದ ಕಡೆ.
ಎರಡು ಬೆರಳು ಒಳಗೆ ಹೋಗಬೇಕು, ಮೂರು ಹೋಗಬಾರದು:
ಅಜ್ಜನ ಲೆಕ್ಕದಲ್ಲಿ ಇದೊಂದು ಹಂದಿಗೂ ಸರಿಹೋಯಿತು.

ಹಾಕಿದೊಡನೆ ಮರಗಟ್ಟಿ ನಿಂತಿತು.
ಆಮೇಲೆ ಒಮ್ಮೆ ಮೈ ಒದರಿ
ಪಟ್ಟಿ ಇರುವುದನ್ನೇ ಮರೆತು
ಸಲ್ಯೂಷನ್ ಡಬ್ಬಿ ಉರುಳಿಸಿತು.

ಬಿಚ್ಚಿ ಕೊಟ್ಟರು ಲವೀನಾ,
ತೂತು ಐದು ಸಾಕು, ಅಂದರು.
ಕಾದ ಕಂಬಿಯಲ್ಲಿ ನಾನು ಹನ್ನೊಂದು ಸುಟ್ಟೆ.
ಬೆಳೀಲಿ, ಮೇಡಂ.