ಬಯಕಿ

ದಾನವ್ವ ಬಂಗಾರ ಕೇಳಲಿಲ್ಲ.
ಕೇಳಿದ್ದು ಒಂದ ಗೊಂಚಲ ಹುಳಿ ದ್ರಾಕ್ಷಿ,
ಇನ್ನೂ ನೀರ ಇಳಿದಿರದಂಥಾದ್ದು,
ಕಡದ್ರ ಹಲ್ಲ ಚುಳ್ ಅನ್ನೂವಂಥಾದ್ದು.

ತಿಕೋಟಾದಾಗ ಕುಂತು ದ್ರಾಕ್ಷಿ ಕೇಳೂದಂದ್ರ
ಹೊಳಿ ದಂಡ್ಯಾಗ ಕುಂತು ನೀರ ಕೇಳಿದಂಗ.
ಹಿತ್ತಲ ಬೇಲಿ ದಾಟಿದ್ರ ಹದಿನಾಕ ಎಕರೆ ಪಡಾ.
ಪಡಾ ಸಾವ್ಕಾರಂದು.
ಔಷಧ ಹೊಡಿಯಾವ ನಾನು.

ಮೊನ್ನಿ ಹೊಡದೇನಿ, ನಿನ್ನಿ ಹೊಡದೇನಿ,
ಮ್ವಾಡ ಹಿಂಗ ನಿಂತ್ರ ನಾಳಿನೂ ಹೊಡಿತೀನಿ.
ಡೌನಿಗೊಂದು, ಬೂದಿಗೊಂದು, ಥ್ರಿಪ್ಸಿಗೊಂದು.
ಕಾಯಿ ಮ್ಯಾಲ ಒಣಗಿ ಬೆಳ್ಳಗ ಚುಕ್ಕಿ ಕುಂತಿರತಾವು,
ಯಾರೋ ನಸುಕಿನ್ಯಾಗ ರಂಗೋಲಿ ಉದುರಿಸಿ ಹೋದಂಗ.
ನೋಡಾಕ ಚಂದ.

ಅವ್ವ ಅಂದ್ಲು:
ಬಸರಿ ಬಯಕಿ ತೀರಸದಿದ್ರ
ಕೂಸಿನ ಕಿವಿ ಸೋರತಾವೋ ಮಲಕಾರಿ,
ಒಂದ ಗೊಂಚಲಕ್ಕ ಸಾವ್ಕಾರ ಏನ ಅಂದಾನು?

ಅವ್ವನ ಮಾತಿಗೆ ನಾ ಎದುರಾಡಾವಲ್ಲ.
ಹೋದ ಸಲ, ಇಕಿ ಮೊದಲಿನ ಬಸರದಾಗ,
ಗ್ರಹಣ ಹತ್ತಿದ ದಿನಾ
ಕಿಡಕಿಗೆ ಕೌದಿ ಕಟ್ಟಿದ್ಲು, ಈಳಿಗಿ ಎತ್ತಿಟ್ಲು,
ಸೂಜಿ ಸೈತ ಮುಟ್ಟಗೊಡಲಿಲ್ಲ.
ನಾನೂ ಬಾಗಲಾ ಹಿಡದು ಕಾವಲ ನಿಂತಿದ್ದೆ.
ಗ್ರಹಣ ಬಿಡ್ತು, ಎಲ್ಲಾರ್ದೂ ಜಳಕಾ ಆತು, ಕೌದಿ ಇಳೀತು.
ಹೊತ್ತ ಮುಳಗೂ ಮುಂದ
ಬ್ಲೋವರ್ ಬೇಲಿ ಗುಂಟ ಹಾದು ಹೋತು.
ಗಾಳಿ ಮನಿ ಕಡೆ ಇತ್ತು.
ಕಿಡಕಿ ತೆರೆದಿತ್ತು.
ಟ್ರ್ಯಾಕ್ಟರ್ ಮ್ಯಾಲ ಕುಂತಾವ ನಾನ.

ಐದನೇ ತಿಂಗಳದಾಗ ಅದು ಉಳೀಲಿಲ್ಲ.
ಯಾಕಂತ ಕೇಳಿದ್ವಿ.
ಹೇಳಾಕ ಬರೂದಿಲ್ಲಪಾ, ಅಂದ್ರು ಡಾಕ್ಟರ್,
ನೂರಾ ಎಂಟ ಕಾರಣ ಇರತಾವು.
ನೂರಾ ಏಳ ನನಗ ಗೊತ್ತಿಲ್ಲ.

ಈ ಸಲ ಆಶಾ ಮಮತಾಜಬಾಯಿ ಬಂದಾಕಿ
ತೂಕಾ ಬರಕೊಂಡ್ಲು, ಗುಳಿಗಿ ಎಣಿಸಿ ಕೊಟ್ಲು,
ಚಪ್ಪಲ ಮೆಟಗೋತ ಮೆಟಗೋತ ಕೇಳಿದ್ಲು:
ಇವನ ಅಂಗಿ ಯಾರ ಒಗೀತೀರಿ?

ದಾನವ್ವ ತನ್ನ ಕೈ ನೋಡಕೊಂಡ್ಲು.

ಈಗ ನನ್ನ ಅಂಗಿ ನಾನ ಒಗಿತೀನಿ,
ತಿಪ್ಪಿ ಬಾಜೂಕ ಒಂದ ಕಲ್ಲ, ಬ್ಯಾರೇ ಬಕೀಟ.
ಅಲ್ಲೇ ಜಳಕಾ, ಡಿಸೆಂಬರ್ ಥಂಡ್ಯಾಗ.
ಹೋಗ ಬರಾವ್ರು ನಿಂತು ಕೇಳತಾರ:
ಯಾಕೋ, ಸೀರಿ ಒಗಿಯಾಕ ಎಂದ ಸುರು ಮಾಡ್ತಿ?
ಜಾಲಿ ಕಂಟಿ ಮ್ಯಾಲ ಅಂಗಿ ಒಣಗತೈತಿ.
ಒಳಗ ಬರೂದಿಲ್ಲ ಅದು.
ಔಷಧದ ನೀಲಿ ಕ್ಯಾನ್, ತೊಳದು ತೊಳದು
ಅವ್ವ ಕಡ್ಲಿಬ್ಯಾಳಿ ತುಂಬಿಟ್ಟಿದ್ದು,
ಕುಡಗೋಲಲೇ ಆರ ತೂತ ಹೊಡದೆ.
ಬ್ಯಾಳಿ ಚೆಲ್ಲಿದ್ದಕ್ಕ ಅವ್ವ ಎರಡ ದಿನಾ ಮಾತಾಡಲಿಲ್ಲ.

ಮೂರನೇ ದಿನಾ ಟ್ರ್ಯಾಕ್ಟರ್ ಸುರು ಮಾಡಿದ್ನೋ ಇಲ್ಲೋ
ಅವ್ವನ ದನಿ ಬೇಲಿ ದಾಟಿ ಬಂತು:
ಒಳಗ ನಡಿಯವಾ ದಾನೀ, ಗ್ರಹಣ ಹತ್ತಿತು!
ಕಿಡಕಿಗೆ ಕೌದಿ ಬಿತ್ತು.
ಅದ ಹಳೇ ಕೌದಿ, ನಾಕೂ ಮೂಲಿಗೆ ಗಂಟ.

ರಾಹುಗೆ ಎಂದರ ಇಷ್ಟ ಸಮಾಧಾನ ಆಗಿರತೈತೇನ!

ಇವತ್ತ ಸಂಜೀಕ
ಊರ ಮುಂದಿನ ಹಳೇ ಗಿಡಾ ಹತ್ತಿ
ಉಡಿ ತುಂಬ ಹುಣಸಿಕಾಯಿ ತಂದೆ.
ಮೈ ತೊಳಕೊಂಡು, ಕಾಯಿ ತೊಳದು,
ಉಪ್ಪ ಹಚ್ಚಿ ಕೊಟ್ಟೆ.
ಕಿವಿ ಸೋರಿದ್ರ ಸೋರಲಿ,
ಅರಳಿ ಇಟ್ಟು ಒರಸಾಕ ನಾ ಅದೀನಿ.

ಕಚ್ಚಿದ್ಲು. ಒಂದ ಕಣ್ಣ ಮುಚ್ಚಿತು.
ಬೇಲಿ ಆಚೆ ಪಡದ ಕಡೆ ನೋಡಿ
ಇದು ದ್ರಾಕ್ಷಿ ಅಲ್ಲ, ಅಂದ್ಲು.

ಅಲ್ಲ, ಅಂದೆ.

ಇನ್ನೊಂದ ಕೊಡ, ಅಂದ್ಲು.