ಎಷ್ಟು ವರ್ಷಕ್ಕೆ?

ದುರ್ಗಿಗುಡಿಯ ಎರಡನೇ ಮಹಡಿ, ಉರಿಬಿಸಿಲು.
ದತ್ತು ಹೋದ ಮಕ್ಕಳ ಹೆತ್ತವರ ಹೆಸರಿಗೆ
ಬೀಗ ಹಾಕುತ್ತಿದ್ದೇನೆ.

"ಎರಡು ಸಾವಿರದ ನಲವತ್ತೆಂಟು ಬಿಟ್ ಸಾಕಲ್ವಾ ಇರ್ಷಾದ್?"
ಫಿಲೋಮಿನಾ ಮೇಡಂ ಗಡಿಯಾರ ನೋಡಿದರು.
ಸಾಕು. ಇವತ್ತಿಗೆ.

ಆದರೆ ಕಳ್ಳ ಈಗಲೇ ಬೀಗ ಮುರಿಯುವುದಿಲ್ಲ, ಮೇಡಂ.
ಪೆಟ್ಟಿಗೆ ಸಮೇತ ಹೊತ್ತೊಯ್ದು
ಅಟ್ಟಕ್ಕೆ ಹಾಕಿ ಕಾಯುತ್ತಾನೆ,
ಕೀಲಿಕೈ ಕಡೆಯುವವ ಹುಟ್ಟಲಿ ಎಂದು.

ಕೊನೆಯ ಕಡತ: ಆಯನೂರು ಕಡೆಯ ಹುಡುಗಿ, ಹತ್ತೊಂಬತ್ತು.
ಮಗುವಿಗೆ ಹನ್ನೊಂದು ದಿನ.
ಬೆರಳು ಮಡಚಿದೆ:
ಇವಳ ಮದುವೆ, ಮೊಮ್ಮಕ್ಕಳು,
ಆ ಹನ್ನೊಂದು ದಿನದ ಮುಪ್ಪು...
ಕೈಬೆರಳು ಸಾಲಲಿಲ್ಲ.

ಉದ್ದದ್ದನ್ನೇ ಆರಿಸಿದೆ.
ಯಂತ್ರ ಬುಸುಗುಟ್ಟುತ್ತ ಕೂತಿತು. ಚಹಾ ತಣ್ಣಗಾಯಿತು.

"ನಾಳೆ ಆ ಮಗುವೇ ಮೆಟ್ಟಿಲು ಹತ್ತಿ ಬಂದು ಕೇಳಿದರೆ?"

ಯಂತ್ರ ಇನ್ನೂ ಹುಡುಕುತ್ತಿತ್ತು
ಯಾವುದಕ್ಕೂ ಭಾಗವಾಗದ ಎರಡು ಸಂಖ್ಯೆ.