ಎರಡು ಟನ್ ಹೆಚ್ಚು

ಕಾಗದದಲ್ಲಿ ತೊಂಬತ್ತನಾಲ್ಕು.
ಕೊಕ್ಕೆಯಲ್ಲಿ ತೊಂಬತ್ತಾರು ಚಿಲ್ಲರೆ.
ಕೊಟ್ಕಾ ಬಂದರಿನಲ್ಲಿ ನವೆಂಬರದ ಬೆಳಕೆಂದರೆ
ಒಂಬತ್ತಕ್ಕೆ ಬಂದು ಮೂರಕ್ಕೆ ಏಳುವ ಗುಮಾಸ್ತ;
ಅವನಿನ್ನೂ ಬಂದಿರಲಿಲ್ಲ.
ದೀಪದ ಕಂಬದ ಕೆಳಗೆ ನಾವು ಏಳು ಜನ,
ಮತ್ತೆ ಅದು.

ಅದು, ಕಾಗದ ಒಣಗಿಸುವ ಉರುಳೆ.
ಎರಕದ ಕಬ್ಬಿಣ, ಎರಡಾಳಿಗೂ ಮೀರಿದ ಎತ್ತರ,
ಮೈಗೆ ಗ್ರೀಸು, ಗ್ರೀಸಿನ ಮೇಲೆ ಮೇಣದ ಹಾಳೆ,
ಹಾಳೆಯ ಮೇಲೆ ಬಿಳಿ ಪ್ಲಾಸ್ಟಿಕ್ಕು.
ಬಾಣಂತಿಗೂ ಇಷ್ಟು ಹೊದಿಸುವುದಿಲ್ಲ.
ಮೂವತ್ತೆಂಟು ವರ್ಷ ಈ ದೇಶದ ಮೂಗು ಒರೆಸಿ
ಈಗ ಹೈಫಾಂಗಿಗೆ ಹೊರಟಿದೆ,
ಅಲ್ಲಿಯ ಮೂಗುಗಳಿಗೆ.

ನಾನು ವಿಮೆಯವರ ಕಣ್ಣು.
ಸರಪಳಿ ಎಣಿಸುತ್ತೇನೆ, ಪಟ್ಟಿ ಎಳೆದು ನೋಡುತ್ತೇನೆ,
ತುಕ್ಕು ಕಂಡರೆ ತುಕ್ಕು ಎಂದು ಬರೆಯುತ್ತೇನೆ.
ಹಡಗಿನ ರಸೀದಿಗೆ ಮಾತ್ರ ಒಂದು ಹಳೇ ಚಾಳಿ:
'ಇಷ್ಟು ತೂಕ ಇದೆ ಎನ್ನಲಾಗಿದೆ.'
ಯಾರು ಅಂದರು? ಯಾರೋ ಅಂದರು.
ಮದುವೆ ದಲ್ಲಾಳಿಯ ಮಾತಿಗೂ ಸಾಕ್ಷಿ ಸಿಕ್ಕೀತು,
ಈ 'ಎನ್ನಲಾಗಿದೆ'ಗೆ ಸಿಗದು.

ಹಡಗಿನ ಕ್ರೇನಿನ ಗೂಡಿನಿಂದ ರೊಡೇಲಿಯೊ,
ಇಲೊಯಿಲೊ ಕಡೆಯವನು, ರೇಡಿಯೊದಲ್ಲಿ ಮೆಲ್ಲಗೆ:
"ಮೇಡಂ, ಇದರ ಹೊಟ್ಟೆಯಲ್ಲಿ ಏನೋ ಇದೆ.
ನಾನು ನಿಲ್ಲಿಸಿದರೂ ಅದು ನಿಲ್ಲುತ್ತಿಲ್ಲ."
ನೆಲದಿಂದ ಒಂದು ಗೇಣು, ಅಷ್ಟೇ ಎತ್ತಿದ್ದು.
ಹಡಗು ಅಷ್ಟಕ್ಕೇ ನಮ್ಮ ಕಡೆ ವಾಲಿ
ಕಿವಿಗೊಟ್ಟಂತೆ ನಿಂತಿತ್ತು;
ಆಚೆ ಬದಿಯ ತೊಟ್ಟಿಗೆ ಪಂಪು ನೀರು ನೂಕುವ ಸದ್ದು.

ಇಳಿಸಿದೆವು.
ಮಾರಾಟದ ಕಂಪನಿಯ ಹುಡುಗ ಫೋನಿಗೆ ಅಂಟಿಕೊಂಡ:
ಹೆಲ್ಸಿಂಕಿ, ಅಲ್ಲಿಂದ ಹ್ಯಾಂಬರ್ಗ್, ಅಲ್ಲಿಂದ ಯಾರದೋ ತಿಂಡಿಯ ಮೇಜು.
ಕಟ್ಟೆಗೆ ಕಟ್ಟಿದ ಹಡಗು
ಗಂಟೆಗಿಷ್ಟು ಎಂದು ಯೂರೊ ಮೇಯುತ್ತಿತ್ತು.
ಬಣ್ಣದ ತೂಕ ಎಂದರೊಬ್ಬರು. ಹಿಮದ್ದು ಎಂದರೊಬ್ಬರು.
ತಕ್ಕಡಿಯೇ ಸುಳ್ಳು ಎಂದರು ಮಿಕ್ಕವರು.
ತಕ್ಕಡಿಗೆ ಬಾಯಿಲ್ಲವಲ್ಲ.

ಬೇಲಿಯಾಚೆ ಒಬ್ಬ ಸೈಕಲ್ಲು ಹಿಡಿದು ನಿಂತಿದ್ದ.
ಆಗಲೇ ನೋಡಿದ್ದೆ, ಮೀನು ಹಿಡಿಯಲು ಬಂದವನೆಂದುಕೊಂಡಿದ್ದೆ.
ಇಲ್ಪೊ. ಇಪ್ಪತ್ತಾರು ವರ್ಷ ಇದರ ಪಕ್ಕ ನಿಂತವನು.
ಮಾತೆಲ್ಲ ಕೂಗು; ಕಿವಿ ಎರಡನ್ನೂ ಇದಕ್ಕೇ ಕೊಟ್ಟಾಗಿತ್ತು.
ತಲೆಗೆ ಹೆಲ್ಮೆಟ್ಟು, ಮೈಗೆ ಹಳದಿ ಅಂಗಿ ಹಾಕಿಸಿ ಒಳಗೆ ಬಿಟ್ಟರು.
ನಿಯಮ ಹಾಗನ್ನುವುದಿಲ್ಲ.
ನಾನು ಅದನ್ನು ಬರೆಯಲೂ ಇಲ್ಲ.

ಪ್ಲಾಸ್ಟಿಕ್ಕಿನ ಮೇಲೆ ಅಂಗೈ ಇಟ್ಟು
ಗಬ್ಬದ ಹಸುವಿನ ಪಕ್ಕೆ ಸವರುವಂತೆ ಸವರುತ್ತ ಹೋಗಿ
ಒಂದು ಕಡೆ ನಿಂತು ಚಾಕು ಕೇಳಿದ.
"ನೀರು!" ಎಂದ, ಅರ್ಧ ಬಂದರಿಗೆ ಕೇಳುವಂತೆ.
"ಕೊಳ್ಳುವವರು ಒತ್ತಡ ಪರೀಕ್ಷೆ ಬೇಕೆಂದರು, ತುಂಬಿಸಿದರು.
ಬಸಿಯುತ್ತ ಬಸಿಯುತ್ತ ಊಟದ ಹೊತ್ತಾಯಿತು.
ನನ್ನನ್ನು ಕೇಳಬೇಕಿತ್ತು."

ಸ್ಪ್ಯಾನರ್ ಇಟ್ಟು ತಿರುಗಿಸಿದ.
ಮೊದಲು ಏನೂ ಇಲ್ಲ.
ಆಮೇಲೆ ಒಂದು ಬಿಕ್ಕು.
ಆಮೇಲೆ ಮುಂಗೈ ದಪ್ಪದ ನೀರು, ಡಿಕಾಕ್ಷನ್ ಬಣ್ಣದ್ದು,
ಬಚ್ಚಲ ಹಂಡೆಯ ತಳದ ವಾಸನೆಯದು.
ನಲವತ್ತು ನಿಮಿಷ. ಯಾರೂ ಮಾತಾಡಲಿಲ್ಲ,
ಫೋನಿನ ಹುಡುಗ ಕೂಡ.

ಮತ್ತೆ ಎತ್ತಿದರೆ ತೊಂಬತ್ತನಾಲ್ಕು ಪಾಯಿಂಟ್ ಒಂದು.
"ಈಗ ಸತ್ತ ತೂಕ, ಮೇಡಂ" ಅಂದ ರೊಡೇಲಿಯೊ.
ಎತ್ತುವವರ ಭಾಷೆಯಲ್ಲಿ ಅದು ಹೊಗಳಿಕೆ.
ಇಲ್ಪೊಗೆ ಕೇಳಿಸಲಿಲ್ಲ,
ಒಳ್ಳೆಯದೇ ಆಯಿತು.

ಒಳಗಿಳಿಸಿ ಪೈನಿನ ದಿಮ್ಮಿಗಳ ನಡುವೆ ಕೂರಿಸಿ
ಇಪ್ಪತ್ತು ಸರಪಳಿ ಬಿಗಿದರು.
ಇನ್ನೂ ನಾಲ್ಕು ಹಾಕಿ, ಎಂದು ಮೇಲಿಂದ ಕೂಗಿದ ಇಲ್ಪೊ,
ತಿರುಗುವುದೊಂದೇ ಅದಕ್ಕೆ ಗೊತ್ತಿರುವುದು.
ಲೆಕ್ಕದಲ್ಲಿ ಇಪ್ಪತ್ತು ಸಾಕಿತ್ತು.
ಹಾಕಿದರು.

ನಾನು ಬರೆದೆ: ಅಂಚಿನಲ್ಲಿ ಅಂಗೈಯಗಲ ತುಕ್ಕು.
ಹೊದಿಕೆ ಒಂದೆಡೆ ಕೊಯ್ದು ಅಂಟಿಸಿದೆ.
ತೂಕದ ಮುಂದಿನ 'ಎನ್ನಲಾಗಿದೆ'ಯನ್ನು ಹೊಡೆದುಹಾಕಿ
'ಕಂಡೆ' ಎಂದು ಬರೆದು,
ಏಜೆಂಟನ ಮುಖ ನೆನೆದು,
ಇನ್ನೊಂದು ಹಾಳೆ ಕೇಳಿದೆ.

ರಾತ್ರಿ ಹಡಗು ಹೋಯಿತು. ಮೈನಸ್ ಹನ್ನೊಂದು.
ಬೆಳಿಗ್ಗೆ ಏಳನೇ ಕಟ್ಟೆಯ ತುಂಬ
ಕಂದು ಮಂಜುಗಡ್ಡೆಯ ಚಾಪೆ;
ಫೋರ್ಕ್‌ಲಿಫ್ಟೊಂದು ಜಾರಿ ಕಂಬಕ್ಕೆ ಗುದ್ದಿತು.
ಯಾರಿಗೂ ಏನೂ ಆಗಲಿಲ್ಲ.
ಮರಳು ಎರಚಿದೆವು, ಸುತ್ತಿಕೊಂಡು ಓಡಾಡಿದೆವು.
ಏಪ್ರಿಲ್‌ವರೆಗೂ ಅಲ್ಲೇ ಇತ್ತು.